ಬೆಳಕು ಬೀಳದ ಜಾಗ

ಪ್ರೊಜೆಕ್ಟರ್ ಹೊತ್ತುಕೊಂಡು ಅವನು ಅಂಗಡಿಯ ಮೆಟ್ಟಿಲು ಹತ್ತಿದಾಗಲೇ ಅವಳಿಗೆ ಅನಿಸಿಬಿಟ್ಟಿತು, ಇವನು ತನ್ನ ಹೊಟ್ಟೆಯ ಮೇಲೆ ಹೊಡೆಯಲು ಬಂದವನೇ ಸರಿ.

ಸೋಫಾ ಅಂಗಡಿ ಸೋದರಮಾವನದು. ಗವುಸು ಹೊಲಿಯುವುದು, ಗಿರಾಕಿಗಳಿಗೆ ಬಟ್ಟೆ ತೋರಿಸುವುದು ಅವಳ ಕೆಲಸ. ಮಾವ ಬಾಯಿಬಿಟ್ಟೇ ಹೇಳಿದ್ದರು: "ಬಿಳಿ ಸೋಫಾ ಮೇಲೆ ಬೆಳಕಲ್ಲೇ ಡಿಸೈನ್ ತೋರಿಸಿಬಿಟ್ರೆ ಸಾಕು. ಹೊಲಿಗೆನ ಫ್ಯಾಕ್ಟರಿಗೆ ಕೊಟ್ಟುಬಿಡೋಣ. ನೀನು ಆರಾಮಾಗಿ ಮನೇಲಿರು."

ಆರಾಮಂತೆ ಆರಾಮ! ಹೊಲಿಗೆ ಬಿಟ್ಟು ಮನೆಯಲ್ಲಿ ಕೂತರೆ ಅವಳಿಗೆ ಉಸಿರು ಕಟ್ಟುತ್ತಿತ್ತು.

ಪರದೆ ಎಳೆದು ಅವನು ಮೊದಲ ಸಲ ಸ್ವಿಚ್ ಒತ್ತಿದಾಗ ಬಿಳಿ ಸೋಫಾದ ಮೈತುಂಬ ನೀಲಿ ಹೂ ಅರಳಿತು. ಕೈಯಿಡುವ ಕಡೆ ಬಳ್ಳಿ ಸರಿಯಾಗಿ ಬಾಗಿತು, ದಿಂಬಿನ ಅಂಚಿನಲ್ಲಿ ಮಡಿಚಿಕೊಂಡಿತು. "ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ತಕ್ಷಣ ನಾಲಿಗೆ ಕಚ್ಚಿಕೊಂಡಳು.

ಅವನು ನಕ್ಕ. "ಸೋಫಾ ಏನ್ ಮಹಾ ರೀ, ಹೋದ ವಾರ ಹಳೇ ರೈಲ್ವೆ ಸ್ಟೇಷನ್ ಗೋಡೆ ಮೇಲೆ ಮೀನು ಈಜಿಸಿದೆ. ಕಿಟಕಿ ಒಳಗೆ ಹೋಗಿ ಬಾಗಿಲಿಂದ ಆಚೆ ಬರ್ತಿದ್ವು."

"ಅಲ್ಲಿ ಯಾರ ಕೆಲಸ ಹೋಯ್ತು?"

"ಯಾರದೂ ಇಲ್ಲ. ಮೀನುಗಳದ್ದೂ ಇಲ್ಲ."

ನಗು ಗಂಟಲವರೆಗೂ ಬಂತು. ಅವಳು ನುಂಗಿಕೊಂಡಳು.

ಮಾತು ಮಾತಿಗೂ "ಸ್ವಲ್ಪ ಸೋಫಾ ಮುಂದೆ ನಿಂತ್ಕೊಳ್ಳಿ, ಅಳತೆ ಬೇಕು" ಎನ್ನುವುದು ಬೇರೆ. ಸೋಫಾ ಅಳೆಯಲು ತಾನೇಕೆ ನಿಲ್ಲಬೇಕು? ನಿಂತರೆ ಅವನ ನೋಟ ಅವಳ ಹಣೆಯಿಂದ ಹೆಗಲಿಗೆ, ಹೆಗಲ ಮೇಲಿನ ಟೇಪಿಗೆ ಇಳಿದು, ಅವಳು ದುರುಗುಟ್ಟಿದ ಕೂಡಲೇ ಕಂಪ್ಯೂಟರಿನಲ್ಲಿ ಅವಿತುಕೊಳ್ಳುತ್ತಿತ್ತು.

"ಸೋಫಾ ನೋಡೋಕೆ ಬಂದವನ ಕಣ್ಣು ಸೋಫಾ ಮೇಲೆ ಇಲ್ವಲ್ಲೇ," ಎಂದು ಮಾವನ ಹೆಂಡತಿ, ಅತ್ತೆ, ಛೇಡಿಸಿದರು.

ಅವಳಿಗೆ ಅದರಲ್ಲೂ ಅನುಮಾನ. ಬೆಣ್ಣೆ ಹಚ್ಚಿ ಕೆಲಸ ಮುಗಿಸಿಕೊಳ್ಳುವ ಆಸಾಮಿ ಇರಬೇಕು. ಹಾಗಿದ್ದರೂ ಬೆಳಿಗ್ಗೆ ಕನ್ನಡಿಯ ಮುಂದೆ ಹೊತ್ತು ಜಾಸ್ತಿ ಹಿಡಿಯುತ್ತಿತ್ತು. ಅದಕ್ಕೆ ತನ್ನ ಮೇಲೇ ಸಿಡುಕುತ್ತಿದ್ದಳು.

ಒಂದು ಮಧ್ಯಾಹ್ನ ಅವನು ವೈರ್ ತರಲು ಹೋದಾಗ ಕಂಪ್ಯೂಟರಿನತ್ತ ಇಣುಕಿದಳು. ಎಲ್ಲ ಡಿಸೈನಿನಲ್ಲೂ ಸೋಫಾದ ಒಂದು ತುದಿಯಲ್ಲಿ ಹೆಂಗಸಿನ ಕಪ್ಪು ಆಕಾರ. ತುರುಬು, ಹೆಗಲಿಂದ ಇಳಿಬಿದ್ದ ಟೇಪು. ತಾನೇ! ಕತ್ತರಿ ಆಡಿಸಿ ತೆಗೆದುಹಾಕಿದಂತಿತ್ತು. ಮೊದಲು ಅಳು ಬಂತು, ಬೆನ್ನಿಗೇ ಸಿಟ್ಟು.

"ನನ್ನನ್ನ ಅಳಿಸಿಹಾಕೋದು ಮುಗೀತಾ?" ಅವನಿನ್ನೂ ಬಾಗಿಲಲ್ಲಿರುವಾಗಲೇ ಕೇಳಿದಳು.

"ಅಳಿಸಿದ್ದಲ್ಲ ರೀ. ಅಲ್ಲಿ ಬೆಳಕು ಬೀಳಲ್ಲ, ಅಷ್ಟೆ. ನೀವು ನಿಂತು ಗಿರಾಕಿ ಹತ್ರ ಮಾತಾಡುವಾಗ ಕಣ್ಣಿಗೆ ಹೊಡೀಬಾರದಲ್ಲ."

"ಮಾವ ಹೇಳಿದ್ರಾ?"

"ಅವರು ಅಲ್ಲಿ ಯಾರೂ ನಿಲ್ಲೋದೇ ಬೇಡ ಅಂದ್ರು." ಅವನು ಕೈಯಲ್ಲಿದ್ದ ವೈರಿನ ಸುರುಳಿ ತಿರುವಿದ. "ನೀವಿಲ್ಲದ ಅಂಗಡಿನ ಅಳೆಯೋಕೆ ನನ್ನ ಕೈಲಿ ಆಗ್ಲಿಲ್ಲ."

ನಂಬುವುದೋ ಬಿಡುವುದೋ ಎನ್ನುವಷ್ಟರಲ್ಲಿ ಮಾವ ಗಿರಾಕಿ ದಂಪತಿಯನ್ನು ಕರೆದುಕೊಂಡು ಬಂದೇಬಿಟ್ಟರು. ಪ್ರೊಜೆಕ್ಟರ್ ಶುರುವಾಯಿತು. ಹೂಗಳ ನಡುವೆ ಕಪ್ಪು ತೂತು.

"ಇದೇನ್ರೀ, ಇಲ್ಲಿ ಹೂವೆಲ್ಲ ಮಾಯ?" ಹೆಂಡತಿ ಕೇಳಿದಳು.

ಮಾವನ ಮುಖ ಕೆಂಪಾಯಿತು. "ತೆಗಿಯಪ್ಪ ಅದನ್ನ. ಇಲ್ದಿದ್ರೆ ನಿನ್ನ ಪೆಟ್ಟಿಗೆ ಎತ್ಕೊಂಡು ನಡಿ."

ಅವನು ಪೆಟ್ಟಿಗೆಯತ್ತ ನೋಡಿದ, ಅವಳತ್ತ ನೋಡಿದ. "ತೆಗೆಯಲ್ಲ ಸರ್," ಎಂದ.

ಅವಳು ಟೇಪು ಹೆಗಲಿಗೇರಿಸಿಕೊಂಡಳು. ನೆಟ್ಟಗೆ ಹೋಗಿ ಆ ಕಪ್ಪಿನಲ್ಲಿ ನಿಂತಳು. ಹೂವೆಲ್ಲ ಸುತ್ತಲೂ ನಿಂತವು, ಕಣ್ಣಿಗೆ ಚೂರೂ ಬೆಳಕು ಚುಚ್ಚಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ.

"ಈ ಡಿಸೈನಿನ ಬಟ್ಟೆ ನೋಡೋಕೆ ಚೆಂದ, ಆದ್ರೆ ಮಕ್ಕಳಿರೋ ಮನೆಗೆ ತಾಳಲ್ಲ," ಎಂದು ಶುರುಮಾಡಿದಳು. "ಅಂಚಿಗೆ ಎರಡು ಹೊಲಿಗೆ ಹಾಕಿರೋ ದಪ್ಪದ್ದು ತೋರಿಸ್ತೀನಿ, ಮುಟ್ಟಿ ನೋಡಿ."

ಹೆಂಡತಿ ಮುಟ್ಟಿ ನೋಡಿದಳು. "ಹೊಲಿಯೋರು ಯಾರು?"

"ನಾನೇ."

"ಹಾಗಾದ್ರೆ ನೀವೇ ಹೊಲಿದುಕೊಡಿ."

ಗಿರಾಕಿಗಳನ್ನು ಕಳಿಸಲು ಹೊರಟ ಮಾವ ಬಾಗಿಲಲ್ಲಿ ಗೊಣಗಿದರು: "ಫ್ಯಾಕ್ಟರಿದು ಆಮೇಲೆ ನೋಡೋಣ ಬಿಡು."

ಈಗ ಇಬ್ಬರೇ. "ಇದ್ದ ಕೆಲಸಕ್ಕೂ ಕಲ್ಲು ಹಾಕ್ಕೊಳ್ತಿದ್ರಲ್ಲ, ಯಾಕೆ?" ಅವಳು ಕೇಳಿದಳು.

"ನೀವಂದ್ರೆ ಇಷ್ಟ, ಅದಕ್ಕೆ."

"ನಂಬಲ್ಲ."

"ಮದುವೆ ಆದ್ರೆ ನಂಬ್ತೀರಾ?"

ಈ ಸಲ ಬಂದ ನಗುವನ್ನು ಅವಳು ನುಂಗಲಿಲ್ಲ.

"ಆಗ ದಿನಾ ಅನುಮಾನ ಪಡ್ತೀನಿ," ಎಂದಳು. "ಈಗಿಂದಲೇ ಅಭ್ಯಾಸ ಮಾಡ್ಕೊಳ್ಳಿ."