ಸುಗಲಾ ಬದಲಿಸಿದ ಹೊತ್ತು

ಎಡ ಹೆಗಲ ಕೆಳಗೆ ಚರ್ಮದೊಳಗಿದ್ದ ಯಂತ್ರ ಒಮ್ಮೆ ಮೆಲ್ಲಗೆ ಕಂಪಿಸಿತು. ನಾಳಿನ ಉಸುಳಿಗೆ ಮಡಕೆಕಾಳು ನೆನೆಹಾಕುತ್ತಿದ್ದ ಸುಗಲಾ ಕೈ ಒರೆಸಿಕೊಂಡು, ತನ್ನ ಖಾನಾವಳಿಯ ಹಿಂದಿನ ಮನೆಗೆ ಹೋಗಿ ಮಲಗಿದಳು. ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸತೊಡಗಿತು. ಕೈಕಾಲು ಸೋತವು. ಕಿಟಕಿಯ ಬೆಳಕೂ ಕಣ್ಣಿಗೆ ಚುಚ್ಚಿತು. ಸಂಜೆಯಾಗಿತ್ತು.

ಆ ಯಂತ್ರಕ್ಕೆ ಧಾರವಾಡದ ಜನ ‘ಸರದಿ’ ಎನ್ನುತ್ತಿದ್ದರು. ದೇಹದ ಒಂದೊಂದು ಜೀವಕೋಶಕ್ಕೂ ತನ್ನದೇ ಗಡಿಯಾರವಿರುತ್ತದೆ; ಯಾವಾಗ ಒಡೆದು ಎರಡಾಗಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಅದು ತಿಳಿಸುತ್ತದೆ. ಸರದಿ ಆ ಗಡಿಯಾರವನ್ನು ಓದಿ, ಅದಕ್ಕೆ ತಕ್ಕಂತೆ ಮದ್ದನ್ನು ಹನಿಹನಿಯಾಗಿ ರಕ್ತಕ್ಕೆ ಬಿಡುತ್ತಿತ್ತು. ಮದ್ದಿನ ಬೇನೆ-ಸಂಕಟವನ್ನೆಲ್ಲ ದಿನದ ಒಂದೇ ಹೊತ್ತಿನಲ್ಲಿ ಕೂಡಿಹಾಕುತ್ತಿತ್ತು. ಉಳಿದ ಹೊತ್ತು ರೋಗಿ ಎಲ್ಲರಂತೆ ಓಡಾಡಬಹುದಿತ್ತು. ರೋಗವೇನೂ ವಾಸಿಯಾಗುತ್ತಿರಲಿಲ್ಲ. ಎದೆಯಲ್ಲಿ ಹುಟ್ಟಿ ಬೆನ್ನೆಲುಬಿಗೆ ಇಳಿದಿದ್ದ ಸುಗಲಾಳ ಕ್ಯಾನ್ಸರ್ ಬೆಳೆಯದೆ ಇದ್ದಲ್ಲೇ ಕೂತಿತ್ತು, ಅಷ್ಟೆ. ಬದುಕಿರುವ ತನಕ ಚಿಕಿತ್ಸೆ ನಡೆಯಲೇಬೇಕಿತ್ತು.

ಸರದಿಯನ್ನು ಕಂಡುಹಿಡಿದ ವಿಜ್ಞಾನಿ ಡಾ. ಶಾಹೀನ್ ಕಿತ್ತೂರ ಮೊದಲ ದಿನವೇ ಕೇಳಿದ್ದರು, “ಯಾವ ಹೊತ್ತು ಬ್ಯಾನಿಗೆ ಬಿಡ್ತೀರಿ, ಅಕ್ಕಾರ?”

“ಸಂಜಿ ಬಿಡ್ರಿ. ಮಧ್ಯಾಹ್ನ ಮಂದಿ ಊಟಕ್ಕ ಬರ್ತಾರ. ಸಂಜೀಕ ನಮ್ಮನ್ಯಾವ್ರನ್ನ ಬಿಟ್ರ ಯಾರೂ ಇರೂದಿಲ್ಲ.”

ಪಕ್ಕದಲ್ಲೇ ಕೂತಿದ್ದ ಗಂಡ ಅಣ್ಣಾರಾಯ ಆ ಮಾತಿಗೆ ತಲೆಯಾಡಿಸಿದ್ದ. ಅವನಿಗೂ ಅದು ಸರಿಯಾಗಿಯೇ ಕಂಡಿತ್ತು.

ಹಾಗೆ ಮೂರು ವರ್ಷ ಕಳೆಯಿತು. ನೀರು ಶುದ್ಧೀಕರಣ ಘಟಕದ ಕೆಲಸ ಮುಗಿಸಿ ಅಣ್ಣಾರಾಯ ಬರುವ ಹೊತ್ತಿಗೆ ಸುಗಲಾ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅವನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ, ಬಕೆಟ್ ಹತ್ತಿರ ಇಡುತ್ತಿದ್ದ. ಸಪ್ಪಳವಾದರೆ ಅವಳಿಗೆ ತೊಂದರೆಯೆಂದು ಗೆಳೆಯನ ಮನೆಗೆ ಕೇರಂ ಆಡಲು ಹೋಗುತ್ತಿದ್ದ.

ಒಮ್ಮೆ ಹತ್ತಿರದಲ್ಲೆಲ್ಲೋ ಪೈಪು ಒಡೆದು, ರಿಪೇರಿಗೆ ಬಂದ ಅವನು ಮಧ್ಯಾಹ್ನ ಖಾನಾವಳಿಯ ಮೂಲೆಯಲ್ಲಿ ಊಟಕ್ಕೆ ಕೂತ. ಚಾಲಕರಿಲ್ಲದ ಬಸ್ಸಿನೊಂದಿಗೆ ಅಜ್ಜಿಯೊಬ್ಬಳು ಜಗಳಕ್ಕೆ ಬಿದ್ದದ್ದನ್ನು ಸುಗಲಾ ಅಭಿನಯಿಸಿ ತೋರಿಸುತ್ತಿದ್ದಳು. ಊಟಕ್ಕೆ ಕೂತವರೆಲ್ಲ, ಅವರೊಂದಿಗೆ ಅವಳೂ, ಬಿದ್ದು ಬಿದ್ದು ನಗುತ್ತಿದ್ದರು. ಅಣ್ಣಾರಾಯ ಊಟ ಮುಗಿಸಿ ಕೈತೊಳೆದು ಬಂದು ಮೆಲುದನಿಯಲ್ಲಿ ಹೇಳಿದ, “ನೀ ಹಿಂಗ ನಗ್ತೀ ಅನ್ನೂದ ನನಗ ಮರ್ತಹೋಗಿತ್ತು ನೋಡು.”

ದೂರುವ ದನಿಯೇನಲ್ಲ. ಆದರೆ ಸುಗಲಾ ಬೇಯಿಸುತ್ತಿದ್ದ ರೊಟ್ಟಿ ಹಂಚಿನ ಮೇಲೆ ಕರಕಾಯಿತು.

ಮಾರನೆಯ ವಾರ ಅವಳು ಶಾಹೀನ್ ಅವರ ಮುಂದೆ ಕೂತಳು. “ಬ್ಯಾನೀನ ಮಧ್ಯಾಹ್ನಕ್ಕ ಹಾಕ್ರಿ, ಡಾಕ್ಟರ.”

“ಖಾನಾವಳಿ?”

“ಮುಂಜಾನೆ ಅಡಿಗಿ ಮಾಡಿಟ್ಟು ಮಲಗ್ತೀನಿ. ಬಡಸಾಕ ಗಂಗವ್ವ ಅದಾಳ.”

ಶಾಹೀನ್ ಕೂಡಲೇ ಒಪ್ಪಲಿಲ್ಲ. ಗಡಿಯಾರ ತಿರುಗಿಸುವಾಗ ಸಂಕಟ ಹೊತ್ತುಗೊತ್ತಿಲ್ಲದೆ ಬರುತ್ತದೆ. ಮದ್ದಿನ ಹಿಡಿತ ಸಡಿಲಾದಾಗ ಸುಮ್ಮನಿದ್ದ ಗಂಟು ಮತ್ತೆ ಬೆಳೆಯಲೂಬಹುದು. “ಖಾತ್ರಿ ಹೇಳಾಕ ಆಗೂದಿಲ್ರಿ,” ಎಂದರು.

ಸುಗಲಾ ಸೆರಗು ಸರಿಸಿ ಎಡ ಹೆಗಲನ್ನು ಮುಂದೆ ಒಡ್ಡಿದಳು. “ಗೊತ್ತಾತು. ಮಾಡ್ರಿ.”

ಆ ವಾರ ಕಠಿಣವಾಗಿತ್ತು. ಅಣ್ಣಾರಾಯ ರಜೆ ಹಾಕಿ ಜೊತೆಗಿದ್ದ. ಕೊನೆಗೆ ಸ್ಕ್ಯಾನಿನಲ್ಲಿ ಗಂಟು ಇದ್ದಷ್ಟೇ ಇದೆ ಎಂದು ತಿಳಿದಾಗ ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟ.

ಸಂಕಟವಿಲ್ಲದೆ ಕೈಗೆ ಬಂದ ಮೊದಲ ಸಂಜೆ ಸುಗಲಾ ತಲೆ ಬಾಚಿಕೊಂಡು ಕಟ್ಟೆಯ ಮೇಲೆ ಕಾದಳು. ಗಂಡ ಹೊತ್ತಿಗೆ ಬರಲಿಲ್ಲ. ಕತ್ತಲಾಗುವಾಗ ಬಂದವನು ಅವಳನ್ನು ಕಂಡು ನಿಂತೇಬಿಟ್ಟ. ಗೊತ್ತಿದ್ದೂ ಕಾಲುಗಳು ರೂಢಿಯಂತೆ ಕೇರಂ ಮನೆಗೆ ನಡೆದಿದ್ದವು.

“ಇನ್ನ ನಾವಿಬ್ರೂ ಕಲೀಬೇಕಾಗೇತಿ,” ಎಂದಳು ಸುಗಲಾ.

ಮರುದಿನ ಸಂಜೆ ಇಬ್ಬರೂ ಕೆಲಗೇರಿ ಕೆರೆಯ ಕಡೆ ಹೋದರು. ದಾರಿಯಲ್ಲಿ ಮನೆಗೆ ಯಾವ ಬಣ್ಣ ಹೊಡೆಸಬೇಕೆಂಬ ಮಾತು ಬಂತು, ಮಾತು ಜಗಳವಾಯಿತು. ಮೂರು ವರ್ಷದಲ್ಲಿ ಅವರು ಒಮ್ಮೆಯೂ ಜಗಳವಾಡಿರಲಿಲ್ಲ. ಒದ್ದೆ ಬಟ್ಟೆ ಹಾಕಿಸಿಕೊಂಡು ಮಲಗಿದವಳೊಡನೆ ಯಾರು ಜಗಳವಾಡುತ್ತಾರೆ? ಮನೆ ಮುಟ್ಟುವವರೆಗೂ ಸುಗಲಾ ಹಳದಿಯನ್ನು ಬಿಟ್ಟುಕೊಡಲಿಲ್ಲ.

ಮುಂದಿನ ತಪಾಸಣೆಯ ದಿನ ಸಂಜೆ ಅವಳ ಮಾತನ್ನೆಲ್ಲ ಕೇಳಿ ಶಾಹೀನ್ ನಕ್ಕರು. ಆಮೇಲೆ ಗಂಭೀರವಾದರು. “ಸರದಿ ಹಾಕಿಸ್ಕೊಂಡವ್ರೊಳಗ ಹೆಚ್ಚಿನವ್ರು ಸಂಜಿ ಇಲ್ಲಾ ರಾತ್ರೀನ ಬ್ಯಾನಿಗೆ ಬಿಟ್ಟಾರ್ರಿ. ಆಫೀಸಿಗೆ, ಅಂಗಡಿಗೆ, ಗುರ್ತಿಲ್ಲದವ್ರಿಗೆ ಚಲೋ ಹೊತ್ತು. ಮನಿಯವ್ರಿಗೆ ಉಳದದ್ದು. ಜಡ್ಡು ಬಂದವ್ರು ಹಿಂಗ ಮಾಡ್ತಾರ ಅಂತ ತಿಳದಿದ್ದೆ. ಕೇಳಿದ್ರ, ಜಡ್ಡು ಬರೂಕಿಂತ ಮೊದಲೂ ಅವರು ಹಂಗ ಬದುಕಿದ್ರಂತ.”

ಮೇಜಿನ ಮೇಲೆ ನೋಡಬೇಕಾದ ವರದಿಗಳು ಇನ್ನೂ ಇದ್ದವು. ಶಾಹೀನ್ ಅವುಗಳತ್ತ ಒಮ್ಮೆ ನೋಡಿ, ದೀಪ ಆರಿಸಿ, ಚೀಲ ಹೆಗಲಿಗೇರಿಸಿದರು.

“ಇಷ್ಟ್ ಲಗೂನ ಹೊಂಟ್ರಿ?” ಎಂದಳು ಸುಗಲಾ.

“ಮಗಳು ಶಾಲಿಯಿಂದ ಬಂದಿರ್ತಾಳ್ರಿ. ಯಾವಾಗ್ಲೂ ನಾ ಹೋಗೂದ್ರಾಗ ಮಲಗಿಬಿಟ್ಟಿರ್ತಾಳ.”

ಇಬ್ಬರೂ ಜೊತೆಯಾಗಿ ಮೆಟ್ಟಿಲಿಳಿದರು. ಹೊರಗೆ ಇನ್ನೂ ಬಿಸಿಲಿತ್ತು.