ಅನುವಾದಕಿ ಬಿಟ್ಟ ಸಾಲು

“ಇದು ನನ್ನ ಕವಿತೆ ಅಲ್ಲ!”

ತುಂಬಿದ ಸಭಾಂಗಣದಲ್ಲಿ ಎಲ್ಲರೂ ಆ ಕೂಗಿನತ್ತ ತಿರುಗಿದರು. ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ತನ್ನ ಅನುವಾದ ಓದುತ್ತಿದ್ದವಳು ಬೆಚ್ಚಿ ತಲೆಯೆತ್ತಿದಳು.

ಎದುರಿಗೆ ಎದ್ದು ನಿಂತಿದ್ದವನು ಮೂಲ ಬರೆದ ಕವಿ. ಫೋನಿನಲ್ಲಷ್ಟೇ ಕೇಳಿದ್ದ ಆ ದನಿಗೆ ಅವಳು ಎಂದೋ ಮನಸೋತಿದ್ದಳು. ಮುಖ ನೋಡಿದ್ದು ಇಂದೇ...

“ಜ್ವರ ಬಿಟ್ಟ ಮೇಲೆ ತಣ್ಣಗಾದ ಪುಟ್ಟ ಪಾದ... ಆ ಸಾಲೆಲ್ಲಿ? ಕಷ್ಟ ಆಯ್ತು ಅಂತ ನುಂಗಿಬಿಟ್ರಾ?”

‘ಹೇಳಿಬಿಡಲೇ? ಇಷ್ಟು ಜನರ ಮುಂದೆ?’

“ಬಿಟ್ಟಿದ್ದು ನಾನೇ,” ಎಂದಷ್ಟೇ ಹೇಳಿ ಕೆಳಗಿಳಿದಳು.

ಸೋಮಾರಿ ಅನುವಾದಕಿ ಎಂಬ ಹೆಸರು ಅಂಟಿಕೊಂಡಿತು. ಪ್ರಕಾಶಕರು ಮುಖ ತಿರುಗಿಸಿದರು. ಅಚ್ಚಿಗೆ ಹೋಗಿದ್ದ ಅವಳ ಸ್ವಂತ ಕವನ ಸಂಕಲನವೂ ವಾಪಸು ಬಂತು.

ಪದಗಳ ಸಹವಾಸವೇ ಬೇಡವೆನಿಸಿತು. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಇದ್ದಿಲು ಹಿಡಿದು ಚಿತ್ರ ಬಿಡಿಸತೊಡಗಿದಳು.

“ಊಟನಾದ್ರೂ ಮಾಡೇ!” ಅಕ್ಕ ಗದರುತ್ತಿದ್ದಳು. “ಆ ಮಹಾನುಭಾವನಿಗೆ ನಿಜ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಏನಂತ ಹೇಳ್ಲಿ ಅಕ್ಕಾ? ಅಯ್ಯೋ ಪಾಪ ಅನ್ನಿ ಅಂತನಾ?”

ವರ್ಷಗಳು ಕಳೆದವು. ಅವಳ ಮೊದಲ ಚಿತ್ರಪ್ರದರ್ಶನದ ಕೊನೆಯ ದಿನ. ನೋಡಲು ಬಂದವರೇ ಕಡಿಮೆ. ಆದರೆ ಮೂಲೆಯ ಗೋಡೆಯೆದುರು ಒಬ್ಬನು ಅಲ್ಲಾಡದೆ ನಿಂತಿದ್ದ. ಅವನೇ! ಕೂದಲು ನರೆತಿತ್ತು. ಎದುರಿಗಿದ್ದ ಚಿತ್ರದಲ್ಲಿ ಆಸ್ಪತ್ರೆಯ ಬಿಳಿ ಬಟ್ಟೆಯಿಂದ ಆಚೆ ಬಂದ ಎರಡು ಎಳೆಯ ಪಾದಗಳಿದ್ದವು.

“ಇದನ್ನ ಯಾರೂ ಕಲ್ಪಿಸ್ಕೊಂಡು ಬಿಡಿಸೋಕಾಗಲ್ಲ...” ಅವನು ಅವಳತ್ತ ತಿರುಗಿದ. “ನಿಮ್ಮ ಮಗುನಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಆಸ್ಪತ್ರೆಯಿಂದ ಮನೆಗೆ ಬರ್ಲೇ ಇಲ್ಲ. ಆಮೇಲೆ ಅದರ ಅಪ್ಪನೂ ನನ್ನ ಬಿಟ್ಟು ಹೋದ್ರು. ನಿಮ್ಮ ಆ ಸಾಲು ಬಂದಾಗೆಲ್ಲ... ನನ್ನ ಕೈ ಓಡ್ತಿರ್ಲಿಲ್ಲ.”

ಅವನು ಗೋಡೆಗೊರಗಿ ಕುಸಿದು ಕುಳಿತ.

“ನನ್ನ ಮಗಳನ್ನೇ ನೀವು ಅಳಿಸಿಬಿಟ್ರಿ ಅಂತ ಸಿಟ್ಟು ನನಗೆ! ನೀವೂ ನನ್ನ ಹಾಗೇ ಬೆಂದಿದ್ದೀರಿ ಅಂತ ಹೊಳೀಲೇ ಇಲ್ವಲ್ಲ...”

ಮಗಳು! ಆ ಸಾಲಿನ ಪಾದ ಅವನ ಮಗುವಿನದೇ! ಅವಳು ಮೆಲ್ಲನೆ ಅವನ ಪಕ್ಕ ಕುಳಿತಳು.

“ಏನಂತ ಕರೀತಿದ್ರಿ?”

“ಚಿನ್ನಿ. ನಿಮ್ಮದು?”

“ಹೆಸರಿಡೋ ಮುಂಚೆನೇ...”

ಮಸಿ ಮೆತ್ತಿದ ಅವಳ ಕೈಯನ್ನು ಅವನು ಎರಡೂ ಕೈಗಳಲ್ಲಿ ಮುಚ್ಚಿಕೊಂಡ. ಇಬ್ಬರೂ ಅತ್ತರು.

“ನನ್ನ ಕ್ಷಮಿಸಿ ಅನ್ನೋಕೂ ಮುಖ ಇಲ್ಲ. ಆದ್ರೂ... ಚಿನ್ನಿ ಅಮ್ಮನೂ ಇಲ್ಲ, ಆಗ ಫೋನಲ್ಲಿ ಕೇಳ್ತಿದ್ದ ನಿಮ್ಮ ದನಿಯೂ ಇಲ್ದೆ ನನ್ನ ಮನೆ ಸ್ಮಶಾನ ಆಗಿದೆ. ನಾಳೆ ಬಂದು ನಿಮ್ಮನ್ನ ನೋಡಬಹುದಾ?”

“ನಾಳೆ ಯಾಕೆ?” ಅವಳು ಕೈ ಬಿಡಿಸಿಕೊಳ್ಳಲಿಲ್ಲ. “ಈಗ ಹೋಗ್ಬೇಡಿ...”