ಅರವತ್ತಮೂರು ಹೆಸರು, ಒಂದು ಸಹಿ

"ಆ ಮನೇಲಿ ನೀವು ವಾಸ ಇಲ್ಲ, ಮೇಡಂ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಹೌದಾ? ಹಾಗಾದ್ರೆ ಇವತ್ತು ಬೆಳಿಗ್ಗೆ ಆ ಮನೇಲಿ ಹಲ್ಲುಜ್ಜಿದವಳು ಯಾರು?!"

ಕಿಟಕಿಯಾಚೆ ಕೂತಿದ್ದ ವಾರ್ಡ್ ಕಚೇರಿಯ ಗುಮಾಸ್ತ ತಲೆ ಎತ್ತಿದ. ಸುಸ್ತಾದ ಕಣ್ಣುಗಳು, ಬೆರಳಿಗೆಲ್ಲ ಮೊಹರಿನ ನೇರಳೆ ಮಸಿ. ತುಟಿಯಂಚಿಗೆ ಬಂದ ನಗುವನ್ನು ಅವನು ಹಾಗೇ ನುಂಗಿಕೊಂಡ.

"ಮತದಾರರ ಪಟ್ಟಿಯಲ್ಲಿ 'ಮನೆ ಬಿಟ್ಟಿದ್ದಾರೆ' ಅಂತಿದೆ. ನಮೂನೆ ಎಂಟು ತುಂಬಿ. ವಿಳಾಸದ ದಾಖಲೆ, ಎರಡು ಫೋಟೋ."

"ಮೇಯರ್ ಚುನಾವಣೆಗೆ ಇನ್ನು ಇಪ್ಪತ್ತೇ ದಿನ ಸ್ವಾಮಿ! ನಮ್ಮಜ್ಜಿ ಹೆಸರೂ ಇಲ್ಲ. ಎಂಬತ್ತೆರಡು ವರ್ಷ ಅವಳಿಗೆ. ಎಲ್ಲಿಗೆ ಓಡಿ ಹೋಗಿರ್ತಾಳೆ?"

"ಹಾಗಾದ್ರೆ ಎರಡು ನಮೂನೆ ತಗೊಳ್ಳಿ."

ಅಯ್ಯೋ... ಈ ಮನುಷ್ಯನ ಜೊತೆ ಮಾತಾಡೋದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳೋದೇ ವಾಸಿ!

ಅವಳದು ಪುಟ್ಟ ಕನ್ನಡಕದ ಅಂಗಡಿ. ಗಾಜು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು, ಕಣ್ಣು ಪರೀಕ್ಷೆ, ಎಲ್ಲಕ್ಕೂ ಅವಳೊಬ್ಬಳೇ. ಕಚೇರಿಗೆ ಹೊರಟಾಗಲೆಲ್ಲ ಅಂಗಡಿಗೆ ಬೀಗ ಜಡಿಯಬೇಕು.

ಎರಡನೇ ಸಲ ಹೋದಾಗ ಫೋಟೋದ ಹಿಂದೆ ಬಿಳಿ ಬಣ್ಣ ಇರಬೇಕೆಂದರು. ಮೂರನೇ ಸಲ, ಫೋಟೋದಲ್ಲಿ ಕನ್ನಡಕ ಹಾಕಿರಬಾರದೆಂದರು! ನಾಲ್ಕನೇ ಸಲ ಮೊಹರು ಹಾಕುವ ಅಧಿಕಾರಿ ರಜೆ. ಪ್ರತಿ ಸಲವೂ ಆ ಗುಮಾಸ್ತನದು ಅದೇ ತಣ್ಣನೆಯ ದನಿ, ಅದೇ ನಮೂನೆ ಎಂಟು. ಅವನಿಗೆ ಅವಳಿಟ್ಟ ಹೆಸರು ನಮೂನೆರಾಯ.

"ನಮೂನೆರಾಯ ಏನಂದ?" ಅಜ್ಜಿ ಹಾಸಿಗೆಯಿಂದಲೇ ಕೇಳಿದಳು.

"ಅಜ್ಜಿ ಸಹಿ ಬೇಕು, ಕರಕೊಂಡು ಬನ್ನಿ ಅಂದ. ಆ ಕಚೇರಿ ಮೆಟ್ಟಿಲು ನಿನಗೆ ಹತ್ತೋಕಾಗಲ್ಲ ಅಂತ ಜಗಳ ಆಡಿ ಬಂದೆ."

"ಗಂಡನ್ನ ಆರಿಸೋವಾಗ ಯಾರೂ ನನ್ನ ಕೇಳ್ಲಿಲ್ಲ. ಮೇಯರ್‌ನ ಆರಿಸೋಕಾದ್ರೂ ಬಿಡಬಾರದಾ ಇವರು!"

ಮರುದಿನ ಊಟದ ಬಿಡುವಿನಲ್ಲಿ ಮನೆ ಬಾಗಿಲು ಬಡಿದ ಸದ್ದು. ತೆರೆದರೆ ನಮೂನೆರಾಯ!

ಅವನು ಮಂಚದ ಪಕ್ಕ ನೆಲದ ಮೇಲೆ ಕೂತು, ರಟ್ಟಿನ ಮೇಲೆ ಕಾಗದವಿಟ್ಟು ಹಿಡಿದ. ಅಜ್ಜಿ ಒಂದೊಂದೇ ಅಕ್ಷರ ಬರೆಯಲು ಕಾಲು ಗಂಟೆ ತೆಗೆದುಕೊಂಡಳು.

"ಅವಸರ ಇಲ್ಲ ಅಜ್ಜಿ, ನಿಧಾನಕ್ಕೆ ಬರೀರಿ."

"ನಾನು ಮನೇಲಿದ್ದೀನಲ್ಲಪ್ಪ? ಕಾಣ್ತಿದ್ದೀನಾ?"

"ಚೆನ್ನಾಗಿ ಕಾಣ್ತಿದ್ದೀರಿ."

ಹೊರಡುವಾಗ ಅವನು ಬಾಗಿಲಲ್ಲಿ ತಿರುಗಿ ನೋಡಿದ. ಏನೋ ಹೇಳಬೇಕೆಂದವನು ಹೇಳದೆ ಹೋದ. ಇಡೀ ಮಧ್ಯಾಹ್ನ ಅವಳು ಒಂದೇ ಗಾಜನ್ನು ಉಜ್ಜುತ್ತ ಕೂತಳು...

ಆ ಸುಖ ಬರೀ ಎರಡು ದಿನದ್ದು.

ಕಚೇರಿಯ ಗೋಡೆಗೆ ಪಟ್ಟಿ ಅಂಟಿಸಿದ್ದರು. ಅವರ ಬೀದಿಯೊಂದರಲ್ಲೇ ಅರವತ್ತಮೂರು ಹೆಸರು ಹೊಡೆದುಹಾಕಿದ್ದರು! ಕಳೆದ ವರ್ಷ ಮೇಯರ್ ಮೈದಾನಕ್ಕೆ ಬೀಗ ಹಾಕಿ, ಅನುಮತಿಯಿಲ್ಲದೆ ಸಭೆ ಸೇರಬಾರದೆಂದು ಆದೇಶ ಹೊರಡಿಸಿದಾಗ ಗೇಟಿನ ಮುಂದೆ ಧರಣಿ ಕೂತವರು ಇವರೇ. ಪಟ್ಟಿಯ ಕೊನೆಯಲ್ಲಿ 'ಸ್ಥಳ ಪರಿಶೀಲಿಸಲಾಗಿದೆ' ಎಂಬ ಸಾಲು, ಅದರ ಕೆಳಗೆ ಸಹಿ.

ಆ ಸಹಿ ಅವಳಿಗೆ ಗೊತ್ತಿತ್ತು. ಕಚೇರಿಯಲ್ಲಿ ಅವಳಿಗೆ ಕೊಟ್ಟಿದ್ದ ರಸೀದಿಗಳ ಮೇಲೆಲ್ಲ ಅದೇ ಇತ್ತು.

"ಇದು ನಿಮ್ಮದೇನಾ?" ಕಿಟಕಿಯ ಮುಂದೆ ನಿಂತು ಅವಳು ಕೇಳಿದಳು.

"ಸಹಿ ನನ್ನದೇ."

"ನೀವೇ ಹೆಸರು ಹೊಡೆದುಹಾಕಿ, ಆಮೇಲೆ ಬಂದು ನಮ್ಮಜ್ಜಿ ಕೈಲಿ ಅಕ್ಷರ ಬರೆಸಿದ್ರಾ? ನಾಚಿಕೆ ಆಗ್ಲಿಲ್ವಾ!"

ಅವನು ಹಿಂದಿನ ಮೇಜಿನಲ್ಲಿದ್ದ ಮೇಲಧಿಕಾರಿಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದ.

"ಇಲ್ಲಿ ಏನೂ ಹೇಳೋ ಹಾಗಿಲ್ಲ. ಗುರುವಾರ ನಿಮ್ಮ ಅರ್ಜಿಯ ವಿಚಾರಣೆ ಇದೆ. ದಯವಿಟ್ಟು ಬೀದಿಯವರನ್ನೆಲ್ಲ ಕರಕೊಂಡು ಬನ್ನಿ."

'ಇಂಥವನಿಗಾಗಿ ನಾನು ಕನಸು ಕಂಡೆನಾ...' ದಾರಿಯುದ್ದಕ್ಕೂ ಅವಳ ಕಣ್ಣು ಮಂಜಾಗಿತ್ತು.

ಗುರುವಾರ ಬೀದಿಗೆ ಬೀದಿಯೇ ಬಂದು ವಿಚಾರಣೆಯ ಕೋಣೆ ತುಂಬಿತು. ಮೇಲಧಿಕಾರಿ ಚುನಾವಣಾ ಅಧಿಕಾರಿಣಿಗೆ ಕಡತ ತೋರಿಸಿ, "ಪರಿಶೀಲನೆ ಆಗಿದೆ, ಸಹಿಯೂ ಇದೆ" ಎಂದು ಕೈ ತೊಳೆದುಕೊಂಡ.

ಆಗ ಮೂಲೆಯಿಂದ ಗುಮಾಸ್ತ ಎದ್ದು ನಿಂತ.

"ಸಹಿ ನನ್ನದು ಮೇಡಂ. ಆದ್ರೆ ನಾನು ಸಹಿ ಹಾಕಿದ್ದು, ಇವರೆಲ್ಲ ಇಲ್ಲೇ ವಾಸ ಇದ್ದಾರೆ ಅನ್ನೋ ವರದಿಗೆ. ಸಹಿ ಇದ್ದ ಕೊನೇ ಹಾಳೆ ಉಳಿಸಿಕೊಂಡು, ಅದಕ್ಕೆ ಮೊದಲಿನ ಹಾಳೆಗಳನ್ನ ಬದಲಾಯಿಸಿದ್ದಾರೆ. ಅಸಲಿ ವರದಿಯ ಪ್ರತಿ ಇಲ್ಲಿದೆ."

ಚುನಾವಣಾ ಅಧಿಕಾರಿಣಿ ಪ್ರತಿಯನ್ನು ಸಾಲು ಸಾಲಾಗಿ ಓದಿದರು.

"ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

"ನಾನಾಗಿ ವಿಚಾರಣೆ ಕರೆಯೋ ಹಾಗಿಲ್ಲ ಮೇಡಂ. ಮತದಾರರ ಅರ್ಜಿ ಬೇಕು. ಅದೂ ಒಂದು ತಪ್ಪಿಲ್ಲದ ಅರ್ಜಿ. ತಪ್ಪು ಸಿಕ್ಕಿದ್ರೆ ಅಲ್ಲೇ ತಳ್ಳಿ ಹಾಕ್ತಿದ್ರು. ಈ ಪ್ರತಿ ನನ್ನ ಹತ್ರ ಇರೋದು ಮೊದಲೇ ಗೊತ್ತಾಗಿದ್ರೆ, ಇದೂ ಉಳೀತಿರಲಿಲ್ಲ."

ಅವಳ ಮುಖಕ್ಕೆ ರಕ್ತ ನುಗ್ಗಿತು. ಬಿಳಿ ಬಣ್ಣ, ಕನ್ನಡಕ, ಅಜ್ಜಿಯ ಸಹಿ... ಅಷ್ಟೂ ಇದಕ್ಕಾಗಿಯಾ? ನಾನೋ, ಎಂಥ ಮಾತಾಡಿಬಿಟ್ಟೆ!

ಅರವತ್ತಮೂರು ಹೆಸರೂ ಪಟ್ಟಿಗೆ ಮರಳಿದವು. ಮೇಲಧಿಕಾರಿಯ ಮೇಲೆ ತನಿಖೆ ಶುರುವಾಯಿತು. ಗುಮಾಸ್ತನಿಗೆ ವಾರದೊಳಗೆ ವರ್ಗಾವಣೆ, ನೀರಿನ ಮೀಟರ್ ವಿಭಾಗಕ್ಕೆ!

ಮತದಾನದ ದಿನ ಅಜ್ಜಿ ಮೊಮ್ಮಗಳ ತೋಳು ಹಿಡಿದು ಸಾಲಿನಲ್ಲಿ ನಿಂತು ಮತ ಹಾಕಿದಳು. ಎಣಿಕೆಯಾದಾಗ ಮೇಯರ್ ಮುನ್ನೂರು ಚಿಲ್ಲರೆ ಮತದಲ್ಲಿ ಮತ್ತೆ ಗೆದ್ದಿದ್ದ.

"ಇಷ್ಟೆಲ್ಲ ಪಾಡುಪಟ್ಟು ಅವನೇ ಬಂದನಾ!" ಮೊಮ್ಮಗಳು ಹಣೆ ಚಚ್ಚಿಕೊಂಡಳು.

"ಮುಂದಿನ ಸಲಕ್ಕೂ ನಾನಿರ್ತೀನಿ, ನೋಡ್ಕೋತೀನಿ ಬಿಡು. ನೀನು ಮೊದಲು ಆ ಹುಡುಗನ್ನ ನೋಡ್ಕೊಂಡು ಬಾ."

ಮೀಟರ್ ವಿಭಾಗ ನೆಲಮಾಳಿಗೆಯಲ್ಲಿತ್ತು. ಕೆಟ್ಟ ಮೀಟರುಗಳ ರಾಶಿಯ ನಡುವೆ ಅವನೊಬ್ಬನೇ ಕೂತಿದ್ದ. ಅವಳನ್ನು ಕಂಡು ದಡಬಡಿಸಿ ಎದ್ದ.

"ನಮ್ಮಿಂದ ನಿಮಗೆ ಈ ಗತಿ ಬಂತು... ಅವತ್ತು ತುಂಬಾ ಬೈದೆ. ಕ್ಷಮಿಸಿ."

"ಇಲ್ಲೂ ಬೈತಾರೆ, ನೀರು ಬರ್ತಿಲ್ಲ ಅಂತ. ಆದ್ರೆ ನಿಮ್ಮಷ್ಟು ಚೆನ್ನಾಗಿ ಯಾರೂ ಬೈಯಲ್ಲ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು.

"ಅಜ್ಜಿ ಯಾರಿಗೆ ಹಾಕಿದ್ರು?" ಅವನು ಮೆಲ್ಲಗೆ ಕೇಳಿದ.

"ಹೇಳಲ್ಲಂತೆ. ನಾನೂ ಹೇಳಲ್ಲ. ಅದು ಗುಟ್ಟು."

"ಸರಿ. ಗುಟ್ಟಲ್ಲದ್ದು ಏನಾದ್ರೂ ಇದ್ರೆ ಹೇಳಿ."

ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ನೀವಂದ್ರೆ... ನನಗಿಷ್ಟ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ನಾನೇ ಮೊದಲು ಹೇಳಬೇಕಿತ್ತು. ಆದ್ರೆ ನಿಮ್ಮ ಅರ್ಜಿ ನನ್ನ ಕೈಲಿತ್ತು. ಆಗ ಹೇಳಿದ್ರೆ ಲಂಚ ಕೇಳಿದ ಹಾಗಾಗ್ತಿತ್ತು."

"ಈಗ ಇಲ್ವಲ್ಲ ಅರ್ಜಿ!"

"ಇಲ್ಲ. ಅದಕ್ಕೇ ಹೇಳ್ತಿದ್ದೀನಿ, ನನಗೂ ನೀವಂದ್ರೆ ಪ್ರಾಣ." ಅವನ ದನಿ ಒದ್ದೆಯಾಗಿತ್ತು. "ನೀವು... ಇನ್ನೊಂದ್ಸಲ ಹೇಳ್ತೀರಾ?"

"ಆಗಲ್ಲ. ವೋಟಿನ ಹಾಗೇ, ಒಬ್ರಿಗೆ ಒಂದೇ ಸಲ!"

ಹಾಗೆಂದವಳು ಅವನ ಮಸಿ ಬೆರಳುಗಳನ್ನು ಹಿಡಿದುಕೊಂಡು, ಅವನ ಕಿವಿಯ ಹತ್ತಿರ ಬಾಗಿ, ಇನ್ನೊಂದು ಸಲ ಹೇಳಿದಳು.